ಮನೆಗೆ ನೀರು ನುಗ್ಗಿದ ಮೇಲೆ ಬರುವ ವಿಮಾ ಸರ್ವೇಯರ್ ಯಾರು? ಪರಿಹಾರದ ಮೊತ್ತ ನಿಗದಿಯಾಗುವುದು ಹೇಗೆ? ಇಲ್ಲಿದೆ ಪೂರ್ಣ ವಿವರ

ಚೆನ್ನೈ: ಮಳೆ ನಿಂತು ನೀರು ಇಳಿದ ಮರುದಿನ ಎಲ್ಲ ಮನೆಗಳಲ್ಲೂ ನಡೆಯುವ ಕೆಲಸ ಒಂದೇ. ಕೆಸರು ಬಳಿಯುವುದು, ನೆಂದ ಹಾಸಿಗೆ, ಉಬ್ಬಿದ ಬೀರು, ಕೆಟ್ಟುಹೋದ ಫ್ರಿಜ್ ಎಲ್ಲವನ್ನೂ ಬೀದಿಗೆ ಹಾಕಿ ನೆಲ ತೊಳೆಯುವುದು. ಮನೆಗೆ ವಿಮೆ ಇದ್ದರೆ, ಒಂದೆರಡು ದಿನಗಳ ನಂತರ ಬಾಗಿಲಿಗೆ ಬರುವ ಸರ್ವೇಯರ್ ಕೇಳುವ ಮೊದಲ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: ಹಾಳಾದ ಸಾಮಾನು ಎಲ್ಲಿ?

ಅಷ್ಟು ಹೊತ್ತಿಗೆ ಆ ಸಾಮಾನು ಪಾಲಿಕೆಯ ಕಸದ ಲಾರಿ ಹತ್ತಿರುತ್ತದೆ. ನಷ್ಟ ಆಗಿದ್ದು ನಿಜ, ಕಂತು ಕಟ್ಟಿದ್ದೂ ನಿಜ. ಆದರೆ ತೋರಿಸಲು ಏನೂ ಉಳಿದಿಲ್ಲ. ಮನೆ ವಿಮೆಯಲ್ಲಿ ಹಣ ಕಡಿಮೆ ಬಂತು ಎನ್ನುವ ದೂರುಗಳ ಹಿಂದೆ ಇಂಥ ಪರಿಸ್ಥಿತಿ ಇರುವುದುಂಟು. ಕ್ಲೇಮಿನ ಹಣೆಬರಹ ಬರೆಯುವ ಈ ಸರ್ವೇಯರ್ ಯಾರು, ಅವರು ಏನು ನೋಡುತ್ತಾರೆ, ಅವರ ಮಾತೇ ಕೊನೆಯೇ ಎಂಬುದು ಪಾಲಿಸಿ ತೆಗೆದುಕೊಂಡ ಅನೇಕರಿಗೆ ಗೊತ್ತಿರುವುದಿಲ್ಲ.

ಪೆರಂಬೂರಿನ ಮಳೆ ಕಲಿಸಿದ್ದು

ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೋಗುವವರಿಗೆ ಪೆರಂಬೂರು ಪರಿಚಿತ ಹೆಸರು. ಸೆಂಟ್ರಲ್ ನಿಲ್ದಾಣಕ್ಕೆ ಸ್ವಲ್ಪ ಮೊದಲೇ ಈ ನಿಲ್ದಾಣ ಸಿಗುತ್ತದೆ. 1955ರಲ್ಲಿ ಶುರುವಾದ ರೈಲು ಬೋಗಿ ಕಾರ್ಖಾನೆ ಐಸಿಎಫ್, ರೈಲ್ವೆ ಆಸ್ಪತ್ರೆ, ರೈಲ್ವೆ ವರ್ಕ್‌ಶಾಪ್‌ಗಳ ಸುತ್ತ ಬೆಳೆದ ಬಡಾವಣೆ ಇದು. ಹಳೆಯ ಒಂಟಿ ಮನೆಗಳು, ಚಿಕ್ಕ ಚಿಕ್ಕ ಅಪಾರ್ಟ್‌ಮೆಂಟ್‌ಗಳು, ಬಾಡಿಗೆಗೆ ಇರುವ ಕುಟುಂಬಗಳು ಇಲ್ಲಿ ಹೆಚ್ಚು.

ಉತ್ತರ ಚೆನ್ನೈನ ಬಹುಭಾಗದಂತೆ ಇದೂ ತಗ್ಗು ಪ್ರದೇಶ. ಮಳೆನೀರು ಒಟ್ಟೇರಿ ನಾಲೆಯ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಬೇಕು. ನಾಲೆ ತುಂಬಿದರೆ ನೀರು ಬೀದಿಯಲ್ಲೇ ನಿಲ್ಲುತ್ತದೆ. ಪಕ್ಕದ ಪುಳಿಯಂತೋಪು, ಪಟ್ಟಾಳಂ, ವ್ಯಾಸರ್‌ಪಾಡಿ ಬಡಾವಣೆಗಳದ್ದೂ ಇದೇ ಕಥೆ. ಜೋರು ಮಳೆ ಬಂದಾಗ ಮುಚ್ಚುವ ಸುರಂಗಮಾರ್ಗಗಳ ಪಟ್ಟಿಯಲ್ಲಿ ಗಣೇಶಪುರಂ ಸುರಂಗಮಾರ್ಗದ ಹೆಸರು ಪದೇ ಪದೇ ಕೇಳಿಬರುತ್ತದೆ.

2015ರ ಡಿಸೆಂಬರ್ ಮಳೆಯಲ್ಲಿ ಚೆನ್ನೈ ಮುಳುಗಿದ್ದು ಎಲ್ಲರಿಗೂ ನೆನಪಿದೆ. 2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ ನಗರವನ್ನು ಮತ್ತೆ ಮುಳುಗಿಸಿತು. ಎರಡು ದಿನಗಳಲ್ಲಿ ಹಲವೆಡೆ 40 ಸೆಂ.ಮೀ.ಗೂ ಹೆಚ್ಚು ಮಳೆ ಬಿತ್ತು. ಚಂಡಮಾರುತ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಬಳಿ ದಡ ಸೇರಿದರೂ ಉತ್ತರ ಚೆನ್ನೈನ ತಗ್ಗು ಬೀದಿಗಳಲ್ಲಿ ನೀರು ದಿನಗಟ್ಟಲೆ ಇಳಿಯಲಿಲ್ಲ.

ಆಗ ತಮಿಳುನಾಡು ಸರ್ಕಾರ ಪಡಿತರ ಅಂಗಡಿಗಳ ಮೂಲಕ ಸಂತ್ರಸ್ತ ಕುಟುಂಬಗಳಿಗೆ ತಲಾ 6,000 ರೂಪಾಯಿ ಕೊಟ್ಟಿತು. ಅದು ಪರಿಹಾರ ಧನ. ಯಾರ ಮನೆಯಲ್ಲಿ ಏನು ಹಾಳಾಯಿತು ಎಂಬ ಲೆಕ್ಕ ಅದರಲ್ಲಿ ಇಲ್ಲ. ವಿಮೆಯ ಹಣ ಹಾಗಲ್ಲ. ಅಲ್ಲಿ ಪ್ರತಿ ಮನೆಯ ನಷ್ಟವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಆ ಅಳತೆ ಮಾಡುವವರೇ ಸರ್ವೇಯರ್.

ಸರ್ವೇಯರ್ ಎಂದರೆ ಯಾರು?

ಕನ್ನಡಿಗರಿಗೆ ಸರ್ವೇಯರ್ ಎಂದರೆ ಮೊದಲು ನೆನಪಾಗುವುದು ಜಮೀನು ಅಳೆಯಲು ಬರುವ ಸರ್ಕಾರಿ ನೌಕರರು. ವಿಮೆಯ ಸರ್ವೇಯರ್ ಬೇರೆ. ಇವರ ಪೂರ್ಣ ಹೆಸರು 'ವಿಮಾ ಸರ್ವೇಯರ್ ಮತ್ತು ನಷ್ಟ ಅಂದಾಜುಗಾರ'. ಅಮೆರಿಕದಲ್ಲಿ ಇದೇ ಕೆಲಸ ಮಾಡುವವರನ್ನು ಅಡ್ಜಸ್ಟರ್ ಎನ್ನುತ್ತಾರೆ. ಅಲ್ಲಿ ಪಾಲಿಸಿದಾರರ ಪರವಾಗಿ, ಅವರಿಂದಲೇ ಶುಲ್ಕ ಪಡೆದು ವಾದಿಸುವ 'ಪಬ್ಲಿಕ್ ಅಡ್ಜಸ್ಟರ್'ಗಳೂ ಇದ್ದಾರೆ. ಭಾರತದ ವಿಮಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗ ಇಲ್ಲ.

ಇಲ್ಲಿ ಸರ್ವೇಯರ್‌ಗಳಿಗೆ ಪರವಾನಗಿ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ. ಅದಕ್ಕೆ ನಿಗದಿತ ವಿದ್ಯಾರ್ಹತೆ, ತರಬೇತಿ, ಪರೀಕ್ಷೆ ಎಲ್ಲವೂ ಉಂಟು. 1938ರ ವಿಮಾ ಕಾಯ್ದೆಯ 64ಯುಎಂ ಸೆಕ್ಷನ್ ಮತ್ತು 2015ರ ಸರ್ವೇಯರ್ ನಿಯಮಗಳು ಇವರ ಕೆಲಸ ಏನು, ನಡತೆ ಹೇಗಿರಬೇಕು ಎಂದು ಹೇಳುತ್ತವೆ. ವಾಹನ ಬಿಟ್ಟು ಉಳಿದ ವಿಮೆಗಳಲ್ಲಿ ನಷ್ಟ 1 ಲಕ್ಷ ರೂಪಾಯಿ ದಾಟಿದರೆ ಪರವಾನಗಿ ಇರುವ ಸರ್ವೇಯರ್ ಪರಿಶೀಲನೆ ಕಡ್ಡಾಯ. ಅದಕ್ಕಿಂತ ಕಡಿಮೆ ಮೊತ್ತವಾದರೆ ಕಂಪನಿ ತನ್ನ ಸಿಬ್ಬಂದಿಯಿಂದಲೇ ನೋಡಿಸಬಹುದು, ಫೋಟೊ, ವಿಡಿಯೊ ನೋಡಿಯೂ ತೀರ್ಮಾನಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಸರ್ವೇಯರ್‌ರನ್ನು ನೇಮಿಸುವುದು ವಿಮಾ ಕಂಪನಿ, ಶುಲ್ಕ ಕೊಡುವುದೂ ಅದೇ. ಆದರೆ ನಿಯಮದ ಪ್ರಕಾರ ಅವರು ಕಂಪನಿಯ ವಕೀಲರಲ್ಲ, ಪಾಲಿಸಿದಾರರ ವಕೀಲರೂ ಅಲ್ಲ. ನಡೆದದ್ದನ್ನು ನಿಷ್ಪಕ್ಷಪಾತವಾಗಿ ದಾಖಲಿಸುವುದು ಅವರ ಹೊಣೆ. ಆ ಆಸ್ತಿಯಲ್ಲಿ ತಮಗೆ ಹಿತಾಸಕ್ತಿ ಇದ್ದರೆ ಅದನ್ನು ತಿಳಿಸಬೇಕು. ಪಾಲಿಸಿದಾರರು ಸರ್ವೇಯರ್‌ಗೆ ಯಾವ ಹಣವನ್ನೂ ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಕಂಪನಿಗೆ ಲಿಖಿತವಾಗಿ ದೂರು ಕೊಡಬಹುದು.

ಮನೆಗೆ ಬಂದವರು ಏನು ನೋಡುತ್ತಾರೆ?

ಸರ್ವೇಯರ್ ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ.

ಮೊದಲನೆಯದು, ನಷ್ಟಕ್ಕೆ ಕಾರಣ ಏನು? ಬೀದಿಯಲ್ಲಿ ಏರಿದ ನೀರು ಒಳಗೆ ಬಂದಿದ್ದರೆ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ವರ್ಷಗಳಿಂದ ತಾರಸಿ ಸೋರುತ್ತಿದ್ದರೆ ಕಲೆ ಮೇಲಿನಿಂದ ಕೆಳಗೆ ಇಳಿದಿರುತ್ತದೆ, ಸುಣ್ಣ ಪದರ ಪದರವಾಗಿ ಎದ್ದಿರುತ್ತದೆ. ಎರಡರ ವ್ಯತ್ಯಾಸ ಅನುಭವಿ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಪ್ರವಾಹದ ನಷ್ಟಕ್ಕೆ ವಿಮೆ ಇದೆ, ಸವೆತಕ್ಕೆ ಮತ್ತು ದುರಸ್ತಿ ಮಾಡಿಸದೆ ಬಿಟ್ಟದ್ದಕ್ಕೆ ಇಲ್ಲ. ಪೆರಂಬೂರಿನಂಥ ಹಳೆಯ ಮನೆಗಳ ಪ್ರದೇಶದಲ್ಲಿ ವಾದ ಹೆಚ್ಚಾಗಿ ಏಳುವುದು ಇದೇ ವಿಚಾರದಲ್ಲಿ.

ಎರಡನೆಯದು, ಪಾಲಿಸಿ ಏನನ್ನು ಒಳಗೊಂಡಿದೆ? ಕಟ್ಟಡಕ್ಕೆ ಮಾತ್ರವೇ, ಒಳಗಿನ ಸಾಮಾನಿಗೂ ಇದೆಯೇ? ಒಡವೆಗೆ ಪ್ರತ್ಯೇಕ ರಕ್ಷಣೆ ತೆಗೆದುಕೊಂಡಿದ್ದಾರೆಯೇ? ಬಾಗಿಲಲ್ಲಿ ನಿಂತ ಸ್ಕೂಟರ್, ಕಾರು ಮನೆ ವಿಮೆಗೆ ಬರುವುದಿಲ್ಲ, ಅವಕ್ಕೆ ವಾಹನ ವಿಮೆಯಲ್ಲೇ ಕೇಳಬೇಕು.

ಮೂರನೆಯದು, ನಷ್ಟ ಎಷ್ಟು? ಯಾವ ಗೋಡೆ, ಎಷ್ಟು ಚದರಡಿ ಗಾರೆ, ಎಷ್ಟು ಬಾಗಿಲು, ಯಾವ ಕಂಪನಿಯ ಯಾವ ಮಾದರಿಯ ವಾಷಿಂಗ್ ಮೆಷಿನ್ ಎಂದು ಒಂದೊಂದಾಗಿ ಬರೆಯುತ್ತಾರೆ. ರಿಪೇರಿ ಆಗುವುದಾದರೆ ರಿಪೇರಿ ವೆಚ್ಚ, ಆಗದಿದ್ದರೆ ಬದಲಿ ಬೆಲೆ.

ನಾಲ್ಕನೆಯದು, ಹಾಳಾದ ವಸ್ತುವಿನಲ್ಲಿ ಉಳಿದ ಬೆಲೆ ಎಷ್ಟು? ಕೆಟ್ಟ ಫ್ರಿಜ್ ಗುಜರಿಗೆ ಹೋದರೂ ಒಂದಿಷ್ಟು ಹಣ ಬರುತ್ತದೆ. ಅದನ್ನು ಪರಿಹಾರದಲ್ಲಿ ಕಳೆಯುತ್ತಾರೆ.

ಲೆಕ್ಕ ಹಾಕುವುದು ಹೇಗೆ?

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಕೊಡಬೇಕೆಂದು ಐಆರ್‌ಡಿಎಐ ಸೂಚಿಸಿತು. ಬೆಂಕಿ, ಚಂಡಮಾರುತ, ಪ್ರವಾಹ, ಭೂಕಂಪ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಮುಂತಾದವು ಇದರಲ್ಲಿ ಸೇರಿವೆ. ಇಂಥ ಘಟನೆ ನಡೆದ 7 ದಿನಗಳೊಳಗೆ, ಅದೇ ಕಾರಣದಿಂದ ಆಗುವ ಕಳ್ಳತನಕ್ಕೂ ರಕ್ಷಣೆ ಇದೆ.

ಈ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತ ನಿಗದಿಯಾಗುವುದು ಮಾರುಕಟ್ಟೆ ಬೆಲೆಯಿಂದ ಅಲ್ಲ, ಮತ್ತೆ ಕಟ್ಟಲು ತಗಲುವ ವೆಚ್ಚದಿಂದ. ಉದಾಹರಣೆಗೆ, 800 ಚದರಡಿಯ ಮನೆ, ಚದರಡಿಗೆ ನಿರ್ಮಾಣ ವೆಚ್ಚ 2,500 ರೂಪಾಯಿ ಎಂದಿಟ್ಟುಕೊಳ್ಳೋಣ. ವಿಮಾ ಮೊತ್ತ 20 ಲಕ್ಷ ರೂಪಾಯಿ. ಆ ಮನೆಯನ್ನು ಮಾರಿದರೆ 80 ಲಕ್ಷ ಬರುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಏಕೆಂದರೆ ಆ ಬೆಲೆಯ ದೊಡ್ಡ ಪಾಲು ನೆಲದ್ದು. ನೆಲಕ್ಕೆ ವಿಮೆ ಇಲ್ಲ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನ್ಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಮೇಲಿನ ಮನೆಗೆ ಅದು 4 ಲಕ್ಷ ರೂಪಾಯಿ. ಬಾಡಿಗೆದಾರರು ಕಟ್ಟಡ ಬಿಟ್ಟು ಸಾಮಾನಿಗೆ ಮಾತ್ರ ಪಾಲಿಸಿ ತೆಗೆದುಕೊಳ್ಳಬಹುದು.

ಇದರ ದೊಡ್ಡ ಅನುಕೂಲ ಇನ್ನೊಂದಿದೆ. ಹಳೆಯ ಮಾದರಿಯ ಪಾಲಿಸಿಗಳಲ್ಲಿ 'ಕಡಿಮೆ ವಿಮೆ'ಯ ಕಡಿತ ಇರುತ್ತಿತ್ತು. 8 ಲಕ್ಷದ ಸಾಮಾನಿಗೆ 4 ಲಕ್ಷದ ವಿಮೆ ಮಾಡಿಸಿದ್ದರೆ, 2 ಲಕ್ಷ ನಷ್ಟವಾದಾಗ ಸಿಗುವುದು ಅದರ ಅರ್ಧ, ಅಂದರೆ 1 ಲಕ್ಷ. 'ವಿಮಾ ಮೊತ್ತ 4 ಲಕ್ಷ ಇದೆ, ನಷ್ಟ 2 ಲಕ್ಷ, ಪೂರ್ತಿ ಏಕೆ ಕೊಡುವುದಿಲ್ಲ?' ಎಂದು ಸರ್ವೇಯರ್ ಜತೆ ಜಗಳ ಆಗುತ್ತಿದ್ದದ್ದು ಇಲ್ಲಿಯೇ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ವಿಮಾ ಮೊತ್ತದ ಮಿತಿಯೊಳಗೆ ನಷ್ಟ ಎಷ್ಟೋ ಅಷ್ಟು.

ಸವಕಳಿಯದ್ದೂ ಹಾಗೆಯೇ. ಕೆಲವು ಪಾಲಿಸಿಗಳು ವಸ್ತುವಿನ ವಯಸ್ಸಿಗೆ ತಕ್ಕಂತೆ ಬೆಲೆ ಇಳಿಸುತ್ತವೆ. 40,000 ರೂಪಾಯಿಯ ಟಿ.ವಿ. ಕೊಂಡು 4 ವರ್ಷವಾಗಿದ್ದು, ವರ್ಷಕ್ಕೆ ಶೇ 10ರಂತೆ ಸವಕಳಿ ಹಿಡಿದರೆ ಉಳಿಯುವುದು 24,000 ರೂಪಾಯಿ. ಬದಲಿ ಬೆಲೆ ಕೊಡುವ ಪಾಲಿಸಿಯಾದರೆ ಅದೇ ಮಟ್ಟದ ಟಿ.ವಿ. ಇಂದು ಎಷ್ಟಕ್ಕೆ ಸಿಗುತ್ತದೋ ಅದನ್ನು ನೋಡುತ್ತಾರೆ. ತಮ್ಮ ಪಾಲಿಸಿ ಯಾವ ಬಗೆಯದ್ದು ಎಂಬುದನ್ನು ಮಳೆಗಾಲಕ್ಕೆ ಮೊದಲೇ ತಿಳಿದುಕೊಂಡರೆ ಸರ್ವೇಯರ್ ಎದುರು ಗೊಂದಲ ಆಗುವುದಿಲ್ಲ.

ಸರ್ವೇಯರ್ ಬರುವವರೆಗೆ ಕೆಸರಿನಲ್ಲೇ ಇರಬೇಕೇ?

ಖಂಡಿತ ಇಲ್ಲ. ಚರಂಡಿ ನೀರು ಬೆರೆತ ಕೆಸರಿನಲ್ಲಿ ಮಕ್ಕಳು, ವಯಸ್ಸಾದವರನ್ನು ಇಟ್ಟುಕೊಂಡು ಕಾಯಿರಿ ಎಂದು ಯಾವ ಪಾಲಿಸಿಯೂ ಹೇಳುವುದಿಲ್ಲ. ನಷ್ಟ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಕರ್ತವ್ಯವೂ ಹೌದು. ಮುರಿದ ಕಿಟಕಿ ಮುಚ್ಚದೆ ಬಿಟ್ಟು, ಮರುದಿನದ ಮಳೆಗೆ ಮತ್ತಷ್ಟು ಹಾಳಾದರೆ ಸರ್ವೇಯರ್ ಆ ಪ್ರಶ್ನೆ ಕೇಳುತ್ತಾರೆ.

ಆದರೆ ಸ್ವಚ್ಛ ಮಾಡುವ ಮೊದಲು ಅರ್ಧ ಗಂಟೆ ಮೀಸಲಿಟ್ಟರೆ ಸಾಕು. ಆ ಅರ್ಧ ಗಂಟೆಯಲ್ಲಿ ಮಾಡಬೇಕಾದದ್ದು ಇಷ್ಟು:

* ವಿದ್ಯುತ್ ಮುಖ್ಯ ಸ್ವಿಚ್ ಆಫ್ ಆಗಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು.

* ಬೀದಿಯಿಂದ ಶುರು ಮಾಡಿ ಬಾಗಿಲು, ಹಜಾರ, ಅಡುಗೆಮನೆ, ಕೋಣೆಗಳವರೆಗೆ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಬೇಕು. ಬಿಡಿ ಬಿಡಿ ಫೋಟೊಗಳಿಗಿಂತ ಇದಕ್ಕೆ ತೂಕ ಹೆಚ್ಚು. ಇದು ಅದೇ ಮನೆ ಎಂಬುದು ಇದರಿಂದ ಗೊತ್ತಾಗುತ್ತದೆ.

* ಗೋಡೆಯ ಮೇಲಿನ ನೀರಿನ ಗೆರೆಯ ಪಕ್ಕ ಟೇಪು ಅಥವಾ ಸ್ಕೇಲು ಹಿಡಿದು ಫೋಟೊ ತೆಗೆಯಬೇಕು. ಸರ್ವೇಯರ್ ಬರುವವರೆಗೆ ಒಂದು ಗೋಡೆಯ ಒಂದು ಭಾಗವನ್ನಾದರೂ ತೊಳೆಯದೆ ಬಿಡುವುದು ಒಳ್ಳೆಯದು.

* ಯಂತ್ರಗಳ ಹಿಂಬದಿಯ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆಯ ಚೀಟಿಯ ಫೋಟೊ ತೆಗೆದಿಡಬೇಕು.

* ಹಾಳಾದ ವಸ್ತುಗಳನ್ನು ತಾರಸಿಗೋ ಅಂಗಳದ ಮೂಲೆಗೋ ಸಾಗಿಸಿ, ಸರ್ವೇಯರ್ ನೋಡುವವರೆಗೆ ಇಟ್ಟುಕೊಳ್ಳಬೇಕು. ಕೊಳೆಯುವ ವಸ್ತುಗಳನ್ನು ಇಡಲು ಆಗದಿದ್ದರೆ ಫೋಟೊ ತೆಗೆದು, ಎಸೆಯುತ್ತಿರುವುದಾಗಿ ಕಂಪನಿಗೆ ಮೊದಲೇ ಇಮೇಲ್ ಅಥವಾ ಸಂದೇಶ ಕಳುಹಿಸಬೇಕು.

* ಪಂಪು, ಕೂಲಿ, ಎಲೆಕ್ಟ್ರಿಷಿಯನ್‌ಗೆ ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಅವಶೇಷ ತೆರವಿಗೆ ಕ್ಲೇಮಿನ ಶೇ 2ರವರೆಗೆ, ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಶುಲ್ಕಕ್ಕೆ ಶೇ 5ರವರೆಗೆ ಕೊಡಲು ಭಾರತ್ ಗೃಹ ರಕ್ಷಾದಲ್ಲಿ ಅವಕಾಶ ಇದೆ.

ಖರೀದಿ ಬಿಲ್ಲುಗಳೇ ನೀರಿನಲ್ಲಿ ಕರಗಿಹೋಗಿದ್ದರೆ? ಆನ್‌ಲೈನ್ ಖರೀದಿಯ ದಾಖಲೆ, ಕಾರ್ಡಿನ ಸ್ಟೇಟ್‌ಮೆಂಟ್, ಅಂಗಡಿಯವರ ಬಳಿ ಇರುವ ನಕಲು, ವಾರಂಟಿ ನೋಂದಣಿ ಇವೆಲ್ಲ ನೆರವಿಗೆ ಬರುತ್ತವೆ. ಗೃಹಪ್ರವೇಶ, ಹಬ್ಬ, ಹುಟ್ಟುಹಬ್ಬದ ಫೋಟೊಗಳೂ ಉಪಯುಕ್ತ. ಹಿನ್ನೆಲೆಯಲ್ಲಿ ಕಾಣುವ ಸೋಫಾ, ಟಿ.ವಿ. ಆ ಮನೆಯಲ್ಲಿ ಇದ್ದವು ಎಂಬುದಕ್ಕೆ ಅವೇ ಸಾಕ್ಷಿ.

ಎಷ್ಟು ದಿನದಲ್ಲಿ ಮುಗಿಯಬೇಕು?

ನಷ್ಟ ಗೊತ್ತಾದ ಕೂಡಲೇ ಕಂಪನಿಗೆ ತಿಳಿಸಬೇಕು. ಭಾರತ್ ಗೃಹ ರಕ್ಷಾದಲ್ಲಿ, ನಷ್ಟ ಮೊದಲು ಗಮನಕ್ಕೆ ಬಂದ ದಿನದಿಂದ 30 ದಿನಗಳೊಳಗೆ ಕ್ಲೇಮು ಅರ್ಜಿ ಸಲ್ಲಿಸಬೇಕು. ಮನೆ ಸಾಲ ಇದ್ದರೆ ಬ್ಯಾಂಕಿಗೂ ತಿಳಿಸುವುದು ಒಳ್ಳೆಯದು. ಸಾಲದ ಜತೆಗೇ ಕೊಟ್ಟ ಪಾಲಿಸಿ ಇದೆ ಎಂಬುದೇ ಮನೆಯವರಿಗೆ ಮರೆತಿರುವುದುಂಟು.

ಕಂಪನಿಗೂ ಗಡುವು ಇದೆ. ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆ ಪ್ರಕಾರ, ಕ್ಲೇಮು ವರದಿಯಾದ 24 ಗಂಟೆಗಳಲ್ಲಿ ಸರ್ವೇಯರ್ ನೇಮಕ ಆಗಬೇಕು. ನೇಮಕವಾದ 15 ದಿನಗಳಲ್ಲಿ ವರದಿ ಸಲ್ಲಿಕೆಯಾಗಬೇಕು. ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ವರದಿಯನ್ನು ಸಮಯಕ್ಕೆ ತರಿಸಿಕೊಳ್ಳುವ ಹೊಣೆ ಕಂಪನಿಯದ್ದೇ. 'ಸರ್ವೇಯರ್ ಇನ್ನೂ ವರದಿ ಕೊಟ್ಟಿಲ್ಲ' ಎಂಬ ಉತ್ತರಕ್ಕೆ ಪಾಲಿಸಿದಾರರು ಸುಮ್ಮನಾಗಬೇಕಿಲ್ಲ.

ದೊಡ್ಡ ಪ್ರವಾಹದಲ್ಲಿ ಒಂದೇ ವಾರ ಸಾವಿರಾರು ಕ್ಲೇಮು ಬರುತ್ತವೆ, ಸರ್ವೇಯರ್‌ಗಳು ಬೇರೆ ಊರುಗಳಿಂದ ಬರಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಪ್ರತಿ ಮನೆಗೂ ಸಿಗುವ ಸಮಯ ಕಡಿಮೆ. ಪಟ್ಟಿ, ಫೋಟೊ, ಬಿಲ್ಲು ಎಲ್ಲ ಕೋಣೆವಾರು ಜೋಡಿಸಿಟ್ಟ ಮನೆಯ ಕೆಲಸ ಬೇಗ ಮುಗಿಯುತ್ತದೆ. ಸರ್ವೇಯರ್ ಹೊರಡುವ ಮುನ್ನ ಅವರ ಹೆಸರು, ಪರವಾನಗಿ ಸಂಖ್ಯೆ, ಕೊಟ್ಟ ದಾಖಲೆಗಳ ಪಟ್ಟಿ ಬರೆದಿಟ್ಟುಕೊಳ್ಳಬೇಕು. ಇನ್ನೇನು ದಾಖಲೆ ಬೇಕು ಎಂಬುದನ್ನು ಅವರಿಂದ ಲಿಖಿತವಾಗಿಯೇ ಕೇಳಬೇಕು.

ಸರ್ವೇಯರ್ ವರದಿಯೇ ಅಂತಿಮವೇ?

ಅಲ್ಲ. ವರದಿಯ ಪ್ರತಿ ಕೇಳುವ ಹಕ್ಕು ಪಾಲಿಸಿದಾರರಿಗೆ ಇದೆ. ಯಾವ ವಸ್ತುವಿಗೆ ಎಷ್ಟು ಕೊಟ್ಟಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ, ಕಾರಣ ಏನು ಎಂಬುದನ್ನು ಅದರಲ್ಲಿ ನೋಡಬಹುದು. ತಪ್ಪಿದ್ದರೆ ದಾಖಲೆ ಸಹಿತ ಕಂಪನಿಗೆ ಬರೆಯಬೇಕು.

ಸುಪ್ರೀಂ ಕೋರ್ಟ್ 2009ರಲ್ಲಿ ನೀಡಿದ ಎರಡು ತೀರ್ಪುಗಳು ಇಲ್ಲಿ ಮುಖ್ಯ. ಸರ್ವೇಯರ್ ವರದಿ ಕ್ಲೇಮು ಇತ್ಯರ್ಥಕ್ಕೆ ಆಧಾರವಾಗಬಹುದು, ಆದರೆ ಅದು ಬದಲಿಸಲಾಗದ ಕೊನೆಯ ಮಾತಲ್ಲ ಎಂದು ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಕೋರ್ಟ್ ಹೇಳಿತು. ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು. ತಮಗೆ ಬೇಕಾದ ವರದಿ ಸಿಗುವವರೆಗೆ ಕಂಪನಿಗಳು ಒಬ್ಬರ ಮೇಲೊಬ್ಬರಂತೆ ಸರ್ವೇಯರ್‌ಗಳನ್ನು ನೇಮಿಸುತ್ತಾ ಹೋಗುವಂತಿಲ್ಲ. ಮೊದಲ ವರದಿ ಒಪ್ಪದಿದ್ದರೆ ಅದಕ್ಕೆ ಕಾರಣ ಕೊಡಬೇಕು.

ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಟ್ಟೂ ಪರಿಹಾರ ಸಿಗದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕಂಪನಿ ದೂರು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ಇತ್ಯರ್ಥವಾಗುತ್ತದೆ. ಪೆರಂಬೂರಿನವರಿಗೆ ಚೆನ್ನೈ ಕಚೇರಿ, ಕರ್ನಾಟಕದವರಿಗೆ ಬೆಂಗಳೂರು ಕಚೇರಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್ ಮತ್ತು 155255 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ಆದರೆ ಅದೇ ವಿಷಯ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಒಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ

2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು ಭಾಗದ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳೇ ನೆಲಸಮವಾದವು. ಕೊಡಗಿನಂಥ ಕಡೆ ಸರ್ವೇಯರ್ ಕೇಳುವ ಪ್ರಶ್ನೆ ಬೇರೆ: ಮನೆ ಬಿರುಕು ಬಿಟ್ಟದ್ದು ಭೂಕುಸಿತದಿಂದಲೋ, ಕಳಪೆ ಕಾಮಗಾರಿಯಿಂದಲೋ, ಪಕ್ಕದಲ್ಲಿ ಮಣ್ಣು ಅಗೆದದ್ದರಿಂದಲೋ? ಭಾರತ್ ಗೃಹ ರಕ್ಷಾದಲ್ಲಿ ಭೂಕುಸಿತಕ್ಕೆ ರಕ್ಷಣೆ ಇದೆ, ಉಳಿದ ಎರಡಕ್ಕೆ ಇಲ್ಲ. ಮಳೆಗಾಲಕ್ಕೆ ಮೊದಲು ತೆಗೆದಿಟ್ಟ ಗೋಡೆಯ ಫೋಟೊ ಇಂಥ ಕಡೆ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ.

ಸರ್ವೇಯರ್‌ಗೆ ಆ ಮನೆ ಮೊದಲು ಹೇಗಿತ್ತು ಎಂಬುದು ಗೊತ್ತಿಲ್ಲ. ನೀರು ಎಷ್ಟು ಎತ್ತರ ನಿಂತಿತ್ತು ಎಂಬುದನ್ನು ಅವರು ಕಂಡಿಲ್ಲ. ಬಂದ ದಿನ ಕಣ್ಣಿಗೆ ಕಂಡದ್ದು, ಕೈಗೆ ಕೊಟ್ಟದ್ದು, ಇವೆರಡರ ಮೇಲೆಯೇ ಅವರ ವರದಿ ನಿಲ್ಲುತ್ತದೆ. ಈಶಾನ್ಯ ಮುಂಗಾರು ಶುರುವಾಗುವ ಮೊದಲು ಮನೆಯ ಒಂದೊಂದು ಕೋಣೆಯನ್ನೂ ಫೋನಿನಲ್ಲಿ ಚಿತ್ರೀಕರಿಸಿ, ಪಾಲಿಸಿಯ ಪ್ರತಿ ಮತ್ತು ಬಿಲ್ಲುಗಳ ಜತೆ ಇಮೇಲ್‌ನಲ್ಲಿ ಉಳಿಸಿಟ್ಟುಕೊಳ್ಳಲು ಹತ್ತು ನಿಮಿಷ ಸಾಕು. ನೀರು ಇಳಿದ ಮೇಲೆ ಆ ಹತ್ತು ನಿಮಿಷದ ವಿಡಿಯೊವೇ ಮನೆಯವರ ಪರವಾಗಿ ಮಾತಾಡುತ್ತದೆ.